ಕೊಲ್ಲೇರು ದಂಡೆಯ ಹಗಲು ನಿದ್ದೆ

ನಮ್ಮ ಮನೆಯಲ್ಲಿ ಕುಕ್ಕರನ್ನು ಕೂಗಲು ಬಿಡುತ್ತಿರಲಿಲ್ಲ. ಇನ್ನೇನು ಕೂಗಿಯೇಬಿಡುತ್ತದೆ ಎನ್ನುವಾಗ ನಾನು ಎಲ್ಲಿದ್ದರೂ ಓಡಿಬಂದು ಒಲೆ ಆರಿಸುತ್ತಿದ್ದೆ. ಬೇಳೆ ಅರೆಬರೆ ಬೆಂದಿರುತ್ತಿತ್ತು. ಮೂವತ್ತು ವರ್ಷ ನಾವು ತಿಂದದ್ದು ಅಂಥದೇ ಬೇಳೆ. ಯಾರಾದರೂ ನೆಂಟರು ಬಂದು ಊಟ ಮಾಡಿ ಮುಖ ಹಿಂಡಿದರೆ, 'ಇವರಿಗೆ ಸಿ ಶಿಫ್ಟ್' ಎಂದು ಪಿಸುಗುಟ್ಟಿ ಸುಮ್ಮನಾಗುತ್ತಿದ್ದೆ.

ನನ್ನ ಗಂಡ ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಎ, ಬಿ, ಸಿ ಎಂದು ಮೂರು ಶಿಫ್ಟು, ವಾರಕ್ಕೊಂದು ಬದಲು. ಸಿ ಶಿಫ್ಟ್ ಅಂದರೆ ರಾತ್ರಿಯಿಡೀ ದುಡಿದು ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು ಮಧ್ಯಾಹ್ನದವರೆಗೆ ಮಲಗುವುದು. ನಾನು ಗದಗಿನಿಂದ ಮದುವೆಯಾಗಿ ಕಂಪನಿಯ ಕಾಲೋನಿಗೆ ಬಂದ ಮೊದಲ ವಾರವೇ ಸಿ ಶಿಫ್ಟ್ ಬಿತ್ತು. ಎರಡೂ ಕೈ ತುಂಬ ಹಸಿರು ಬಳೆ. ಪಾತ್ರೆ ಮುಟ್ಟಿದರೆ ಝಣ್, ಬಾಗಿಲು ಸರಿಸಿದರೆ ಝಣ್. ಹೊಸ ಮದುವಣಗಿತ್ತಿ ಬಳೆ ತೆಗೆದಿಡುವುದುಂಟೆ? ಅವರ ಹಳೆಯ ಧೋತರವೊಂದನ್ನು ಹರಿದು ಪಟ್ಟಿ ಮಾಡಿ, ಬಳೆಗಳನ್ನೆಲ್ಲ ಸೇರಿಸಿ ಸುತ್ತಿ, ಹಲ್ಲಿನಿಂದ ಗಂಟು ಬಿಗಿದುಕೊಂಡೆ. ಪಕ್ಕದ ಮನೆಯ ತೆಲುಗಿನಾಕೆ ನನ್ನ ಕೈ ಸುಟ್ಟಿದೆ ಎಂದುಕೊಂಡು ಮುಲಾಮು ತಂದುಕೊಟ್ಟಳು. ಆಗ ನನಗೆ ತೆಲುಗು ಬಾರದು, ಇಸಿದುಕೊಂಡು ನಕ್ಕೆ.

ಅಲ್ಲಿಂದ ಶುರುವಾದದ್ದು ನಮ್ಮ ಮನೆಯ ಮೌನ. ಸಿ ಶಿಫ್ಟ್ ಇಲ್ಲದ ವಾರಗಳಲ್ಲೂ ಅದೇ ರೂಢಿಯಾಯಿತು. ಉಪ್ಪು ಬೇಕಾದರೆ ಎರಡು ಬೆರಳು ತಿಕ್ಕಿ ತೋರಿಸುವುದು. ನೀರು ಬೇಕಾದರೆ ಹೆಬ್ಬೆರಳು. ಕರೆಗಂಟೆಯ ತಂತಿ ಕಿತ್ತುಹಾಕಿದೆ. ಮಗಳು ಹುಟ್ಟಿದ ಮೇಲೆ ಅವಳಿಗೂ ಅದೇ ಪಾಠ. ಅಂಗಾಲು ಊರದೆ ಬೆರಳ ತುದಿಯಲ್ಲಿ ನಡೆಯುವುದನ್ನು ಮೂರು ವರ್ಷಕ್ಕೇ ಕಲಿತಳು. ಹಾಲಿನವನು ಬಂದರೆ ತುಟಿಯ ಮೇಲೆ ಬೆರಳಿಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಅವಳ ಕಂಠ ಚೆನ್ನಾಗಿತ್ತು. ಕಾಲೋನಿಯಲ್ಲೇ ಒಬ್ಬರು ಸಂಗೀತ ಹೇಳಿಕೊಡುತ್ತಿದ್ದರು, ಅವರಾಗಿಯೇ ಕರೆದು ಸೇರಿಸಿಕೊಂಡರು. ದಿನಾ ಗಂಟಲು ಬಿಟ್ಟು ಹಾಡಬೇಕು ಎಂದರು. ನಮ್ಮ ಮನೆಯಲ್ಲಿ ಗಂಟಲು ಬಿಡುವುದೆಲ್ಲಿ? ದಿಂಬಿನಲ್ಲಿ ಬಾಯಿ ಇಟ್ಟುಕೊಂಡು ಹಾಡು ಎಂದೆ. ಮಗು ಒಂದೂವರೆ ವರ್ಷ ಹಾಗೆ ಹಾಡಿತು. ಒಂದು ದಿನ ತಾನೇ ಬಂದು 'ಸಾಕಮ್ಮ, ಇನ್ನ ಹೋಗಂಗಿಲ್ಲ' ಎಂದಳು. ನನಗೆ ಬೇಜಾರಾಗಲಿಲ್ಲ, ಒಂದು ಸದ್ದು ಕಡಿಮೆಯಾಯಿತಲ್ಲ ಎಂದು ಹಾಯೆನಿಸಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಹಾಗೇ ಆದದ್ದು.

ಎಂಟು ತಿಂಗಳ ಹಿಂದೆ ಅವರು ನಿವೃತ್ತರಾದರು. ವಿಶಾಖಪಟ್ಟಣದ ಊರೊಳಗೇ, ಎಂವಿಪಿ ಕಾಲೋನಿಯಲ್ಲಿ ಕೊಂಡಿದ್ದ ಫ್ಲ್ಯಾಟಿಗೆ ಬಂದೆವು. ಕೆಳಗೇ ಕೋಚಿಂಗ್ ಸೆಂಟರು, ಹೊತ್ತು ಮೂಡುವ ಮೊದಲೇ ಸ್ಕೂಟರುಗಳ ಸಂತೆ. ಮಲಗುವ ಕೋಣೆಗೆ ಎರಡು ಪದರದ ಗಾಜಿನ ಕಿಟಕಿ ಹಾಕಿಸಿದೆ. ಕ್ವಾರ್ಟರ್ಸಿನಿಂದ ತಂದಿದ್ದ ಗರಗರ ಫ್ಯಾನನ್ನು ಗುಜರಿಗೆ ಕೊಟ್ಟು, ಸದ್ದೇ ಇಲ್ಲದ ಹೊಸತು ತಂದೆ. ಇನ್ನು ಶಿಫ್ಟಿಲ್ಲ, ಗಿಫ್ಟಿಲ್ಲ, ಮನುಷ್ಯ ಹಾಯಾಗಿ ಮಲಗಲಿ ಎಂದುಕೊಂಡೆ.

ಅವರಿಗೆ ನಿದ್ದೆಯೇ ಬರಲಿಲ್ಲ. ಒಂದು ದಿನವಲ್ಲ, ಎರಡು ದಿನವಲ್ಲ. ಹಾಸಿಗೆಯಲ್ಲಿ ಕಟ್ಟಿಗೆಯ ಹಾಗೆ ಬಿದ್ದುಕೊಂಡು ಚಾವಣಿ ನೋಡುತ್ತಿದ್ದರು. ಬಿಸಿಹಾಲು ಕೊಟ್ಟೆ, ಅಂಗಾಲಿಗೆ ಎಣ್ಣೆ ತಿಕ್ಕಿದೆ, ಅವರಿವರು ಹೇಳಿದ ಗಸಗಸೆ ಪಾಯಸವೂ ಆಯಿತು. ಬೆಳಿಗ್ಗೆ ಎದ್ದು ಬಾಲ್ಕನಿಯಲ್ಲಿ ನಿಂತು, ಅಚ್ಯುತಾಪುರಂ ಕಾರ್ಖಾನೆಗಳಿಗೆ ಹೋಗುವ ಕಂಪನಿ ಬಸ್ಸುಗಳನ್ನೇ ನೋಡುತ್ತಿದ್ದರು. ಒಳಗೆ ಗಂಡಸರು ಕಿಟಕಿಗೆ ತಲೆ ಆನಿಸಿ ತೂಕಡಿಸುತ್ತಿರುತ್ತಿದ್ದರು. ಕೆಲಸ ಬಿಟ್ಟ ಸಂಕಟ ಎಂದುಕೊಂಡು ನಾನು ಕೇಳಲು ಹೋಗಲಿಲ್ಲ.

ಆಮೇಲೆ ಸ್ಕೂಟರಿನದಾಯಿತು. ತರಕಾರಿ ತರಲು ಹೋದವರು ತಿರುವಿನಲ್ಲಿ ತೂಕಡಿಸಿ ರಸ್ತೆ ನಡುವಿನ ಕಟ್ಟೆಗೆ ಗುದ್ದಿಕೊಂಡರು. ಮೊಣಕಾಲು ತರಚಿತು, ಅಷ್ಟೇ. ಆದರೆ ಒಬ್ಬ ತಾಯಿ ತನ್ನ ಮಗುವನ್ನು ಸಮಯಕ್ಕೆ ಸರಿಯಾಗಿ ಹಿಂದಕ್ಕೆ ಎಳೆದುಕೊಂಡಳಂತೆ. ಮನೆಗೆ ಬಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. 'ಇನ್ನ ಇದನ್ನ ನನಗ ಕೊಡಬ್ಯಾಡ' ಎಂದರು. ನಾನು ಅದನ್ನು ಬೇಳೆ ಡಬ್ಬಿಯೊಳಗೆ ಹುಗಿದಿಟ್ಟೆ.

ಮಗಳಿರುವುದು ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರ. ತೆಲುಗಿನವನನ್ನು ಮದುವೆಯಾಗಿದ್ದಾಳೆ. ಅವಳೇ ನಮ್ಮನ್ನು ಕರೆಸಿಕೊಂಡು ಅಲ್ಲಿನ ಡಾಕ್ಟರರಿಗೆ ತೋರಿಸಿದಳು. ಬಿಪಿ ಏರಿದೆ, ಹೃದಯದ ಬಡಿತವೂ ನೆಟ್ಟಗಿಲ್ಲ ಎಂದರು ಅವರು. 'ಈ ಹೃದಯಕ್ಕೆ ನಿದ್ದೆಮಾತ್ರೆ ಕೊಡಲು ನನಗೆ ಇಷ್ಟವಿಲ್ಲ. ಹತ್ತು ದಿನ ನೋಡೋಣ. ತಾವಾಗಿಯೇ ಮಲಗಿದರೆ ಸರಿ, ಇಲ್ಲದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ' ಎಂದರು. ಹೊರಗೆ ಬಂದಾಗ ಸರ್ಕಲ್ಲಿನ ಹಾರನ್ನುಗಳ ಗದ್ದಲಕ್ಕೆ ನನ್ನ ತಲೆ ಸಿಡಿಯುತ್ತಿತ್ತು. ಆಟೋದಲ್ಲಿ ಕೂತ ಎರಡು ನಿಮಿಷಕ್ಕೇ ಇವರ ಕತ್ತು ವಾಲಿತು. ನಾನು ಡ್ರೈವರಿಗೆ 'ಹಾರನ್ ಹೊಡೆಯಬೇಡಪ್ಪಾ' ಎಂದು ಕೈಮುಗಿದೆ. ಅವನು ಒಳ್ಳೆಯವನು, ಹಾರನ್ ನಿಲ್ಲಿಸಿದ. ಸಣ್ಣ ಓಣಿಗೆ ತಿರುಗಿದ ಮೇಲೆ ನೋಡಿದರೆ ಇವರು ಕಣ್ಣುಬಿಟ್ಟುಕೊಂಡು ಕೂತಿದ್ದರು.

ಕೊಲ್ಲೇರು ಕೆರೆಗೆ ಹೋಗುವ ಯೋಚನೆ ಮಗಳದ್ದು. ಸಂಕ್ರಾಂತಿ ಮುಗಿದಿತ್ತು, ಕೆರೆಯ ಪಕ್ಷಿಧಾಮದಲ್ಲಿ ಪೆಲಿಕನ್ ಅನ್ನುತ್ತಾರಲ್ಲ, ಆ ಹೆಜ್ಜಾರ್ಲೆಗಳು ಮರಿ ಮಾಡಿರುತ್ತವೆ, ಊರ ಗಲಾಟೆ ಇರುವುದಿಲ್ಲ, ಅಪ್ಪ ಅಲ್ಲಿ ಮಲಗಿಯಾರು ಎಂದಳು. ಅಳಿಯ ಒಂದು ಕ್ಯಾರವಾನ್ ಬಾಡಿಗೆಗೆ ತಂದ. ಅಂದರೆ ಟೆಂಪೋ ಟ್ರಾವೆಲರನ್ನೇ ಬಿಚ್ಚಿ, ಒಳಗೆ ಎರಡು ಮಂಚ, ಒಂದು ಗ್ಯಾಸ್ ಒಲೆ, ಪುಟ್ಟ ನೀರಿನ ತೊಟ್ಟಿ ಕೂಡಿಸಿದ್ದರು. ಓಡಿಸುವವನೂ ಅವನೇ.

ಅಳಿಯ ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಸದ್ದು! ಬಾಗಿಲು ಮುಚ್ಚಿದರೆ ದಢಾರ್. ಫೋನು ಯಾವಾಗಲೂ ಸ್ಪೀಕರಿನಲ್ಲಿ. ಚಹಾ ಕುಡಿದರೆ ಮೂರು ಮನೆಗೆ ಕೇಳಬೇಕು. ತುಂಬಿದ ಮನೆಯಲ್ಲಿ ಬೆಳೆದವನು, ಕೂಗಿ ಕರೆದೇ ಅವನಿಗೆ ಅಭ್ಯಾಸ. ಗೇರ್ ಹಾಕಿದ ಕೂಡಲೇ ಹಾಡು ಹಚ್ಚಿದ.

'ಒಂಚೂರು ಮೆಲ್ಲಗ್ರೀ' ಎಂದೆ.

'ಅಯ್ಯೋ, ಸಾರಿ ಅತ್ತಯ್ಯಾ' ಎಂದು ಆರಿಸಿದ. ಐದು ನಿಮಿಷಕ್ಕೆ ತಾನೇ ಗುನುಗತೊಡಗಿದ. ನಾನು ಮತ್ತೆ ಕೆಮ್ಮಿದೆ. ಮಗಳು ಅವನ ತೋಳು ತಟ್ಟಿದಳು. ಹೀಗೇ ದಾರಿಯುದ್ದಕ್ಕೂ ಆಯಿತು. ಹಿಂದೆ ಮಂಚದ ಮೇಲೆ ಇವರು ಒಮ್ಮೆ ಕಣ್ಣು ಮುಚ್ಚುವರು, ಒಮ್ಮೆ ತೆರೆಯುವರು. ನಾನು ಸ್ಟೂಲಿನ ಮೇಲೆ ಕೂತು ಅವರ ರೆಪ್ಪೆಯನ್ನೇ ಕಾಯುತ್ತಿದ್ದೆ. ಎಂಟು ತಿಂಗಳಿಂದ ನನಗಾದರೂ ನಿದ್ದೆ ಎಲ್ಲಿತ್ತು? ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಮೈಯ ಕೀಲುಕೀಲೂ ಸಡಿಲವಾದಂತಿತ್ತು.

ಕೆರೆಯ ದಂಡೆಯಲ್ಲಿ ವ್ಯಾನನ್ನು ಮರದ ಕೆಳಗೆ ನಿಲ್ಲಿಸಿ, ಅಳಿಯನನ್ನು ಅದರ ಕಾವಲಿಗೆ ಬಿಟ್ಟು, ನಾವು ಮೂವರು ದೋಣಿ ಹತ್ತಿದೆವು. ದೋಣಿಯವರು ವಯಸ್ಸಾದ ಮನುಷ್ಯ, ತಲೆಗೆ ಟವೆಲ್ ಸುತ್ತಿದ್ದರು. ಉದ್ದನೆಯ ಗಳದಿಂದ ದೋಣಿ ತಳ್ಳುತ್ತಾ ತೆಲುಗಿನಲ್ಲಿ ವಿವರಿಸತೊಡಗಿದರು. ನೀರಿನ ನಡುವೆ ಕಬ್ಬಿಣದ ಅಟ್ಟಣೆಗಳು, ಅವುಗಳ ಮೇಲೆಲ್ಲ ಗೂಡು. ಒಂದೊಂದು ಹೆಜ್ಜಾರ್ಲೆಯೂ ಎಷ್ಟು ದೊಡ್ಡದು! ಕೊಕ್ಕಿನ ಕೆಳಗೆ ಜೋತುಬಿದ್ದ ಚೀಲ. ಮರಿಗಳು ಆ ಚೀಲದೊಳಗೆ ತಲೆ ತುರುಕಿ ಮೀನು ಕಸಿಯುತ್ತಿದ್ದವು. ಒಂದೇ ಸಮನೆ ಅರಚಾಟ. 'ದೊಡ್ಡವು ಬಾಯಿ ಬಿಡುವುದೇ ಅಪರೂಪ, ಗಲಾಟೆಯೆಲ್ಲ ಮರಿಗಳದ್ದೇ' ಎಂದರು ದೋಣಿಯವರು.

ನಾವು ಮೂವರೂ ಉಸಿರು ಬಿಡದೆ ಕೂತಿದ್ದೆವು. ಮಗಳು ನನಗೆ ಬಣ್ಣದ ಕೊಕ್ಕರೆಯೊಂದನ್ನು ಕಣ್ಣಿನಲ್ಲೇ ತೋರಿಸಿದಳು. ನಾನು ಅವಳಿಗೆ ಹೆಬ್ಬೆರಳು ತೋರಿಸಿ ನೀರಿನ ಬಾಟಲಿ ಇಸಿದುಕೊಂಡೆ. ಒಂದು ಹೆಜ್ಜಾರ್ಲೆ ನಮ್ಮ ದೋಣಿಯ ಪಕ್ಕದಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ತೇಲಿಕೊಂಡು ಹೋಯಿತು. ದೋಣಿಯವರಿಗೆ ಆಶ್ಚರ್ಯ.

'ಎಷ್ಟೋ ವರ್ಷದಿಂದ ಜನರನ್ನು ಕರೆದುಕೊಂಡು ಬರುತ್ತಿದ್ದೇನಮ್ಮಾ. ಸುಮ್ಮನಿರಿ ಎಂದು ಬೇಡಿಕೊಂಡರೂ ಸುಮ್ಮನಿರುವುದಿಲ್ಲ. ನೀವು ಇದನ್ನು ಎಲ್ಲಿ ಕಲಿತಿರಿ?' ಎಂದು ಕೇಳಿದರು.

ಆ ಹೊತ್ತು ನನಗೆ ಹೆಮ್ಮೆಯೆನಿಸಿತು. ಮೂವತ್ತು ವರ್ಷ ಪಟ್ಟ ಪಾಡನ್ನು ಒಬ್ಬರಾದರೂ ಗುರುತಿಸಿದರಲ್ಲ! ತಿರುಗಿ ನೋಡಿದರೆ ಇವರ ಭುಜ ಇಳಿದಿತ್ತು, ಗದ್ದ ಎದೆಗೆ ತಾಗಿತ್ತು. ಮರಿಗಳ ಅರಚಾಟ ಕಿವಿ ಕೊರೆಯುತ್ತಿತ್ತು. ಎಚ್ಚರಾಗಿಬಿಟ್ಟರೆ ಎಂಬ ಭಯಕ್ಕೆ, ಸದ್ದಿಲ್ಲದ ಕಡೆಗೆ ಕರೆದೊಯ್ಯಿರಿ ಎಂದು ದೋಣಿಯವರಿಗೆ ಕೈಸನ್ನೆ ಮಾಡಿದೆ. ಪಾಪ, ಅವರು ಗಳ ಹಾಕಿ ಜೊಂಡುಹುಲ್ಲಿನ ಮರೆಗೆ ತಂದು ನಿಲ್ಲಿಸಿದರು. ಅಲ್ಲಿ ನೀರಿನ ಸದ್ದೂ ಇರಲಿಲ್ಲ. ಒಂದು ನಿಮಿಷವೂ ಆಗಿರಲಿಲ್ಲ, ಇವರು ಕಣ್ಣುಬಿಟ್ಟರು. ಬಿಸಿಲು ಬಿತ್ತೇನೋ ಎಂದುಕೊಂಡು ನಾನು ಸೆರಗು ಅಡ್ಡ ಹಿಡಿದೆ.

ಊಟವಾದ ಮೇಲೆ ಅವರನ್ನು ವ್ಯಾನಿನ ಮಂಚದ ಮೇಲೆ ಮಲಗಿಸಿದೆ. ಪರದೆ ಎಳೆದೆ. ಅಳಿಯನನ್ನು ಫೋನಿನ ಸಮೇತ ದೂರದ ಕಟ್ಟೆಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ರೆಪ್ಪೆ ಮುಚ್ಚಿ ಅಲುಗದೆ ನಿಂತವು. ಅಯ್ಯೋ ದೇವರೇ, ಮಲಗಿದರು! ಅಷ್ಟರಲ್ಲೇ ಪಕ್ಕದ ಮರದಡಿ ಊಟಕ್ಕೆ ಬಂದ ಒಂದು ಗುಂಪು ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿತು. ನನ್ನ ಮೈಯೆಲ್ಲ ಉರಿದುಹೋಯಿತು. ಚಪ್ಪಲಿ ಕೂಡ ಮೆಟ್ಟದೆ ಇಳಿದು ಹೋದೆ. ಮನೆಯವರಿಗೆ ಆರಾಮಿಲ್ಲ, ನಿದ್ದೆ ಬಂದಿದೆ, ದಯವಿಟ್ಟು ನಿಲ್ಲಿಸಿ ಎಂದು ತೆಲುಗಿನಲ್ಲಿ ಬೇಡಿಕೊಂಡೆ. ಅವರಲ್ಲೊಬ್ಬ ಹೆಂಗಸು ಕೂಡಲೇ ಆರಿಸಿ, 'ನೀವು ಹೋಗಿ ಅಮ್ಮಾ' ಎಂದಳು. ಕಾದ ಮಣ್ಣಿನ ಮೇಲೆ ಬರಿಗಾಲಲ್ಲಿ ಕುಂಟುತ್ತಾ ವಾಪಸು ಬಂದು ಪರದೆ ಸರಿಸಿದೆ. ಇವರು ವ್ಯಾನಿನ ಚಾವಣಿ ನೋಡುತ್ತಾ ಮಲಗಿದ್ದರು.

ಸ್ಟೂಲಿನ ಮೇಲೆ ಕುಸಿದೆ.

'ಯಾಕ್ರೀ, ನಿದ್ದಿ ಬಂದಿತ್ತಲ್ಲಾ?'

'ಬಂದಿತ್ತು. ಹಾಡು ನಿಂತುಬಿಡ್ತು, ಎಚ್ಚರಾತು.'

'ಏನಂದ್ರಿ?'

'ಸುಮ್ಮನ ಕಣ್ಣ ಮುಚ್ಚಿ ಬಿದ್ದಿದ್ದೆ, ಯಾರೋ ಹಾಡು ಹಚ್ಚಿದ್ರು. ಚೊಲೋ ನಿದ್ದಿ ಹತ್ತಿತ್ತು. ಯಾರ ಬಂದ್ ಮಾಡ್ಸಿದ್ರೋ ಏನೋ.'

'ನಾನ ಬಂದ್ ಮಾಡ್ಸಿದ್ದು! ಬರಿಗಾಲಿಲೆ ಹೋಗಿ ಕೈಮುಗದು ಬಂದೀನಿ!'

ಅವರು ಎದ್ದು ಕೂತರು. ನನ್ನ ಬರಿಗಾಲನ್ನು ನೋಡಿದರು. ಮಗಳು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದವಳು ಇತ್ತ ತಿರುಗಿದಳು.

'ನೋಡು, ಸಿಟ್ಟಾಗಬ್ಯಾಡ' ಎಂದರು. 'ಸಪ್ಪಳ ಇಲ್ಲಂದ್ರ ನನಗ ನಿದ್ದಿ ಬರಂಗಿಲ್ಲ.'

'ಯಾವಾಗಿಂದ?'

'ಮೊದಲಿಂದನೂ. ನಮ್ಮ ಮನಿ ಹಿಂದ ಗಿರಣಿ ಇತ್ತಲ್ಲ, ಅದರ ಗ್ವಾಡಿಗೆ ಹತ್ತಿ ಮಲಕೊಂಡ ಬೆಳದಾಂವ ನಾನು.'

ಆ ಹಿಟ್ಟಿನ ಗಿರಣಿ ನನಗೆ ಗೊತ್ತಿತ್ತು. ಮದುವೆಯಾಗಿ ಆ ಮನೆಗೆ ಹೋದಾಗ ಗೋಡೆ ಅದುರುವುದನ್ನು ನೋಡಿದ್ದೆ. ಯೋಚಿಸಿಯೇ ಇರಲಿಲ್ಲ.

'ಮತ್ತ ಸಿ ಶಿಫ್ಟ್‌ನ್ಯಾಗ ದಿನಾ ಮಲಗ್ತಿದ್ರಲ್ಲಾ!'

'ಕಣ್ಣ ಮುಚ್ಚಿ ಬಿದ್ದಿರ್ತಿದ್ದೆ. ನಿದ್ದಿ ಆಗ್ತಿದ್ದುದು ಶಿಫ್ಟ್ ಬಸ್ಸಿನಾಗ. ಹೋಗ್ತ ಮುಕ್ಕಾಲು ತಾಸು, ಬರ್ತ ಮುಕ್ಕಾಲು ತಾಸು. ಎಂಜಿನ್ ಸಪ್ಪಳ, ಹಿಂದ ಇಸ್ಪೀಟ ಆಡೋರ ಒದರಾಟ. ಇಳಿಯೋವಾಗ ಅಳ್ಳಾಡಿಸಿ ಎಬ್ಬಿಸ್ತಿದ್ರು. ಉಳಿದ ಶಿಫ್ಟ್‌ನ್ಯಾಗ ರಾತ್ರಿ ಆ ಹಳೇ ಫ್ಯಾನ್ ಗರಗರ ಅಂತಿತ್ತು, ನಡೀತಿತ್ತು; ಹಗಲ ಮಲಗಿದಾಗ ನೀ ಅದನ್ನೂ ಬಂದ್ ಮಾಡ್ತಿದ್ದಿ. ಈಗ ಬಸ್ಸೂ ಇಲ್ಲ, ಫ್ಯಾನೂ ಇಲ್ಲ.'

'ಯಾಕ ಹೇಳಲಿಲ್ರೀ ನನಗ? ಯಾಕ?' ನನ್ನ ದನಿ ಆಗಲೂ ಪಿಸುಮಾತಿನಲ್ಲೇ ಇತ್ತು.

'ನೀ ಕಾಲೋನಿಗೆ ಬಂದ ಮೂರನೇ ದಿನ ಹೇಳೂಣಂತ ಎದ್ದು ಬಂದಿದ್ದೆ. ನೀ ಅಡಗಿಮನಿ ಬಾಗಿಲದಾಗ ಕುಂತು ಬಳಿಗೆ ಅರಿವಿ ಸುತ್ತಾಕತ್ತಿದ್ದಿ. ಒಂದ ಕೈಲೆ ಗಂಟ ಬೀಳವಲ್ದು, ಹಲ್ಲಿಂದ ಹಿಡದು ಎಳೀತಿದ್ದಿ. ಅದನ್ನ ನೋಡಿ ಹೆಂಗ ಹೇಳಲಿ? ವಾಪಸ್ ಹೋಗಿ ಮಲಕೊಂಡೆ. ಆಮ್ಯಾಲ ದಿನ ಕಳದಂಗ ಹೇಳೂದ ಇನ್ನೂ ಕಷ್ಟ ಆತು.'

ಮಗಳು ಮೆಟ್ಟಿಲ ಮೇಲಿಂದ ಮೆಲ್ಲಗೆ ಕೇಳಿದಳು, 'ಅಪ್ಪಾ, ನಾನು ಹಾಡ್ತಿದ್ದೆನಲ್ಲ, ಅದು ನಿನಗ ಕೇಳಿಸ್ತಿತ್ತೇನು?'

'ಕೇಳಿಸ್ತಿರಲಿಲ್ಲವ್ವ, ದಿಂಬಿನಾಗ ಹಾಡ್ತಿದ್ದಿ. ಗ್ವಾಡಿಗೆ ಕಿವಿ ಹಚ್ಚಿದ್ರ ಸ್ವಲ್ಪ ಬರ್ತಿತ್ತು. ಅದು ಬಂದಷ್ಟು ಹೊತ್ತು ಕಣ್ಣ ಹತ್ತತಿದ್ದವು. ಒಂದ ದಿನ ನಿಂತೇಬಿಡ್ತು.'

ಮಗಳು ಎದ್ದು ಕೆರೆಯ ಕಡೆ ನಡೆದುಹೋದಳು. ಬೆರಳ ತುದಿಯಲ್ಲೇ ನಡೆದಳು. ಮೂವತ್ತು ಸಮೀಪಿಸಿದ ಹೆಂಗಸು, ಬಯಲಿನಲ್ಲಿ, ಮಣ್ಣಿನ ಮೇಲೆ, ಯಾರ ನಿದ್ದೆಗೂ ಭಂಗವಾಗದ ಕಡೆ, ಹಾಗೆ ನಡೆದಳು. ಅದನ್ನು ಕಂಡದ್ದೇ ನನ್ನೊಳಗೆ ಏನೋ ಕಿತ್ತುಕೊಂಡು ಬಂತು.

'ನಿಮ್ಮ ಬಾಯಿಗೆ ಏನು ಹೊಲಿಗಿ ಹಾಕಿದ್ರೇನ್ರೀ!' ಎಂದು ಕೂಗಿದೆ. ಕೂಗಿದ್ದು ನಾನೇ ಎಂದು ನಂಬಲಾಗಲಿಲ್ಲ, ಅಷ್ಟು ಒಡಕು ದನಿ. 'ಮೂವತ್ತ ವರ್ಷ ಬೇಯದ ಬ್ಯಾಳಿ ತಿಂದೀವಿ! ನನ್ನ ತವರಿನವ್ರು ಬಂದ್ರ ಮಾತಾಡದ ಕಳಿಸೀನಿ! ಹಾಲಿನಾಂವಗ ಬೈದೀನಿ, ಕಾಯಿಪಲ್ಲೆದಾಕಿಗೆ ಬೈದೀನಿ, ನಿಮ್ಮ ನಿದ್ದಿ ಸಲುವಾಗಿ ಓಣಿ ಮಂದಿ ಕೂಡ ಜಗಳಾಡೀನಿ! ಆ ಕೂಸಿನ ಬಾಯಿಗೆ ದಿಂಬ ಒತ್ತೀನಿ! ಒಂದ ಮಾತು, ಒಂದ ಮಾತು ಹೇಳಾಕ ಏನಾಗಿತ್ತು? ಬಳಿ ನೋಡಿದ್ರಂತ ಬಳಿ! ಗಂಟ ಬಿಚ್ಚು ಅನ್ನಬೇಕಿತ್ತಲ್ಲ, ಬಂದು ಬಿಚ್ಚಬೇಕಿತ್ತಲ್ಲ!'

ಕಟ್ಟೆಯ ಮೇಲಿದ್ದ ಅಳಿಯ ಫೋನು ಬಿಟ್ಟು ಎದ್ದು ನಿಂತ. ಪಕ್ಕದ ಮರದಡಿಯ ಹೆಂಗಸು ಇತ್ತಲೇ ನೋಡುತ್ತಿದ್ದಳು. ನೋಡಲಿ. ನನಗೆ ನಿಲ್ಲಿಸಲಾಗಲಿಲ್ಲ. ಕಿಟಕಿಯ ಗಾಜಿನ ಮಾತು ಬಂತು, ಗುಜರಿಗೆ ಹೋದ ಫ್ಯಾನಿನ ಮಾತು ಬಂತು, ಎಂಟು ತಿಂಗಳ ಗಸಗಸೆ, ಎಣ್ಣೆ, ಎಲ್ಲ ಬಂತು. ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು. ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಬೈದೆ. ಅವರು ಒಂದು ಮಾತೂ ತಿರುಗಿ ಆಡಲಿಲ್ಲ. ಮೆಲ್ಲಗೆ ಹಿಂದಕ್ಕೆ ಒರಗಿದರು, ಆಮೇಲೆ ಪೂರ್ತಿ ಮಲಗಿದರು. ತಪ್ಪಿತಸ್ಥರು, ಮುಖ ಮುಚ್ಚಿಕೊಳ್ಳುತ್ತಿದ್ದಾರೆ ಎಂದು ಇನ್ನೂ ಜೋರು ಮಾಡಿದೆ.

ಗೊರಕೆ ಕೇಳಿಸಿತು.

ಬಾಯಿ ಹಾಗೇ ಕಟ್ಟಿಹೋಯಿತು. ಅವರ ಬಾಯಿ ಅರೆ ತೆರೆದಿತ್ತು, ಒಂದು ಕೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಮದುವೆಯಾದಂದಿನಿಂದ ಅವರು ಹೀಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಅಭ್ಯಾಸ ಬಿಡಬೇಕಲ್ಲ, ನನ್ನ ಬಲಗೈ ತಾನೇ ಎಡಗೈಯ ಬಳೆಗಳನ್ನು ಒತ್ತಿ ಹಿಡಿಯಿತು. ವ್ಯಾನಿನಲ್ಲಿ ಸದ್ದಡಗಿತು. ಗೊರಕೆ ತಡವರಿಸಿತು, ರೆಪ್ಪೆ ಅಲುಗಿತು.

ಮಗಳು ಅದ್ಯಾವಾಗಲೋ ವಾಪಸು ಬಂದು ಬಾಗಿಲಲ್ಲಿ ನಿಂತಿದ್ದಳು. ಅವಳ ಕಣ್ಣೂ ಕೆಂಪಾಗಿತ್ತು.

'ನಿಲ್ಲಿಸಬ್ಯಾಡಮ್ಮಾ' ಎಂದಳು, ದೊಡ್ಡ ದನಿಯಲ್ಲೇ. 'ಬೈ.'

ನನ್ನ ಬೈಗುಳವೆಲ್ಲ ಮುಗಿದುಹೋಗಿತ್ತು. ಗಂಟಲು ಒಣಗಿತ್ತು, ಸೊಂಟ ಬಿದ್ದುಹೋಗಿತ್ತು, ಅವರ ಪಕ್ಕದಲ್ಲೇ ಉರುಳಿಬಿಟ್ಟರೆ ಸಾಕೆನಿಸುತ್ತಿತ್ತು. ಬಳೆ ಹಿಡಿದ ಕೈ ಬಿಟ್ಟೆ. ಬೇಳೆಯಿಂದ ಮತ್ತೆ ಶುರುಮಾಡಿದೆ.